ಮಾರ್ಚ್ ತಿಂಗಳ ಪಗಾರ ಎಲ್ಲಿಂದ? ಕಲಬುರಗಿಯಲ್ಲಿ ಟೆನಿಸ್ ತರಬೇತಿ ನಡೆಸುವವರಿಗೆ ಒಂದು ಹಿಸಾಬು

ನಾನು ಕೋಚ್ ಅಲ್ಲ. ಬೆಳಿಗ್ಗೆ ಮಗಳನ್ನು ಕೋರ್ಟಿಗೆ ಬಿಟ್ಟು, ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಿದ್ದೆ, ಅಷ್ಟೇ. ಒಂದು ದಿನ ಕೋಚ್ ಹತ್ತಿರ ಬಂದು, "ಸರ, ನೀವು ಲೆಕ್ಕಪತ್ರದ ಕೆಲಸದಾಗ ಇದ್ದೀರಲ್ರಿ, ನಮ್ಮ ಹಿಸಾಬು ಒಂದ್ಸಲ ನೋಡ್ರಿ" ಅಂದರು. ಕೈಗೆ ಕೊಟ್ಟದ್ದು ಶಾಲೆ ಮಕ್ಕಳ ನೋಟ್‌ಬುಕ್. ಅದರಲ್ಲಿ ಜಮಾ ಇತ್ತು, ಖರ್ಚು ಇತ್ತು. ಮಾರ್ಚ್ ತಿಂಗಳ ಪುಟ ಮಾತ್ರ ಖಾಲಿ. ಕೇಳಿದರೆ, "ಪರೀಕ್ಷಾ ಇರ್ತಾವಲ್ರಿ, ಯಾರೂ ಬರಂಗಿಲ್ಲ" ಅಂದರು. ಹಾಗಾದರೆ ಆ ತಿಂಗಳು ನಿಮ್ಮ ಪಗಾರ? ಅವರು ನಕ್ಕು ಚೆಂಡು ಆರಿಸಲು ಹೋದರು.

ಸಣ್ಣ ಊರಿನ ತರಬೇತಿ ಶಿಬಿರಗಳು ದಾನಿಗಳು ಸಿಗದೆ ಮುಚ್ಚುವುದು ಕಡಿಮೆ. ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಫೀಸು ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಕೋಚ್ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ, ಶಿಬಿರ ಅಲ್ಲಿಗೆ ಮುಗಿಯಿತು. ಆದ್ದರಿಂದ ಈ ಬರಹದಲ್ಲಿ ಆ ಖಾಲಿ ಪುಟವನ್ನು ತುಂಬುವುದೇ ಮೊದಲ ಕೆಲಸ. ಪ್ರಾಯೋಜಕರು, ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ದುಡ್ಡು), ಅನುದಾನ ಎಲ್ಲಾ ಆಮೇಲೆ.

ಮೊದಲು ಹನ್ನೆರಡು ಕಾಲಂ ಎಳೆಯಿರಿ

ಒಂದು ತಿಂಗಳ ಲೆಕ್ಕ ಹಾಕಿ ಅದನ್ನು 12ರಿಂದ ಗುಣಿಸುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ನಮ್ಮ ಕಡೆ ಹನ್ನೆರಡು ತಿಂಗಳೂ ಒಂದೇ ಥರ ಇರುವುದಿಲ್ಲ, ಅಲ್ವಾ?

ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೂ ಶಾಲೆಗೆ ರಜೆ, ಬೇಸಿಗೆ ಶಿಬಿರಕ್ಕೆ ಮಕ್ಕಳು ಜಾಸ್ತಿ. ಜೂನ್‌ನಲ್ಲಿ ಶಾಲೆ ಫೀಸು, ಪುಸ್ತಕ, ಸಮವಸ್ತ್ರ ಅಂತ ಪೋಷಕರ ಜೇಬು ಖಾಲಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕೋರ್ಟ್ ಒಣಗುವುದನ್ನೇ ಕಾಯಬೇಕು. ಅಕ್ಟೋಬರ್‌ನಲ್ಲಿ ದಸರಾ ರಜೆಗೆ ಅರ್ಧ ಮಕ್ಕಳು ಊರಿಗೆ. ನವೆಂಬರ್‌ನಿಂದ ಜನವರಿವರೆಗೆ ಆಟಕ್ಕೆ ಹೇಳಿ ಮಾಡಿಸಿದ ಹವೆ. ಮಾರ್ಚ್‌ನಲ್ಲಿ ಪರೀಕ್ಷೆ, ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ. ಇದನ್ನೆಲ್ಲ ಕಾಗದದ ಮೇಲೆ ತಿಂಗಳ ಎದುರು ಬರೆದುಕೊಳ್ಳಿ.

ಈಗ ಒಂದು ಉದಾಹರಣೆ. ಈ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ನಿಮ್ಮ ಊರಿನ ದರ ಹಾಕಿಕೊಳ್ಳಿ. 30 ಮಕ್ಕಳು. ಅವರಲ್ಲಿ 24 ಮಂದಿ ತಿಂಗಳಿಗೆ 1,500 ರೂಪಾಯಿ, ಕಷ್ಟದಲ್ಲಿರುವ ಮನೆಯ 6 ಮಕ್ಕಳು 500 ರೂಪಾಯಿ ಕೊಡುತ್ತಾರೆ. ಪೂರ್ತಿ ಬಂದರೆ ತಿಂಗಳಿಗೆ 39,000. ಖರ್ಚಿನ ಕಡೆ ಕೋಚ್ ಪಗಾರ 22,000, ಸಹಾಯಕರಿಗೆ 8,000, ಕೋರ್ಟ್ ಬಾಡಿಗೆ 6,000, ಚೆಂಡಿಗೆ 4,000, ಸಣ್ಣಪುಟ್ಟದ್ದಕ್ಕೆ 2,000. ಒಟ್ಟು 42,000.

ತಿಂಗಳಿಗೆ 3,000 ಕೊರತೆ, ವರ್ಷಕ್ಕೆ 36,000, ಯಾರಾದರೂ ಒಬ್ಬ ಸಾವುಕಾರರನ್ನು ಹಿಡಿದರೆ ಆಯ್ತು ಅನ್ನಿಸುತ್ತದೆ. ಈಗ ಹನ್ನೆರಡು ಕಾಲಂ ತುಂಬಿ ನೋಡಿ. ಏಪ್ರಿಲ್, ಮೇ ಶಿಬಿರದಿಂದ ತಲಾ 60,000. ಜೂನ್ 30,000. ಜುಲೈ, ಆಗಸ್ಟ್ ತಲಾ 25,000. ಸೆಪ್ಟೆಂಬರ್, ಅಕ್ಟೋಬರ್ ತಲಾ 30,000. ನವೆಂಬರ್, ಡಿಸೆಂಬರ್, ಜನವರಿ ತಲಾ 39,000. ಫೆಬ್ರುವರಿ 30,000. ಮಾರ್ಚ್ 15,000. ಕೂಡಿಸಿದರೆ 4,22,000. ಖರ್ಚು 5,04,000. ಕೊರತೆ 82,000, ಅಂದರೆ ಮೊದಲು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅದೂ ಬೇಸಿಗೆ ಶಿಬಿರ ಚೆನ್ನಾಗಿ ನಡೆದರೆ ಮಾತ್ರ.

ಬೇಸಿಗೆಯ ದುಡ್ಡು ಕೈಗೆ ಬಂದಾಗ ಎಲ್ಲರಿಗೂ ಹುಮ್ಮಸ್ಸು. ಹೊಸ ನೆಟ್ ತರೋಣ, ಟೀ ಶರ್ಟ್ ಮಾಡಿಸೋಣ ಅನ್ನುತ್ತಾರೆ. ತಡೆಯಿರಿ. ಆ ದುಡ್ಡು ಜುಲೈ, ಆಗಸ್ಟ್ ತಿಂಗಳದ್ದು. ಕೋಚ್ ಮತ್ತು ಸಹಾಯಕರ ಎರಡು ತಿಂಗಳ ಪಗಾರ, ನಮ್ಮ ಉದಾಹರಣೆಯಲ್ಲಿ 60,000, ಬೇರೆ ಖಾತೆಯಲ್ಲಿ ಇಡಿ. ಎಟಿಎಂ ಕಾರ್ಡ್ ತೆಗೆದುಕೊಳ್ಳಲೇಬೇಡಿ. ನಮ್ಮ ಶಿಬಿರದಲ್ಲಿ ಕೋಚ್, ಪೋಷಕರು ಸೇರಿ ನಾವು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಫೀಸು ಮತ್ತು ಉದ್ರಿ

"ಮುಂದಿನ ತಿಂಗಳ ಕೂಡೇ ಕೊಡ್ತೀನ್ರಿ ಸರ." ಈ ಮಾತು ಕೇಳದ ಕೋಚ್ ನಮ್ಮ ಜಿಲ್ಲೆಯಲ್ಲಿ ಇಲ್ಲ. ಕೇಳಲು ಸಂಕೋಚ, ಬಿಡಲು ಆಗದು. ನನ್ನ ಸಲಹೆ: ಫೀಸು ಕೇಳುವ ಕೆಲಸವನ್ನು ಕೋಚ್ ಕೈಯಿಂದ ತೆಗೆಯಿರಿ. ಕಲಿಸುವವರೇ ವಸೂಲಿಗೆ ನಿಂತರೆ ಮಕ್ಕಳ ಮುಂದೆ ಅವರ ಮರ್ಯಾದೆ ಕಡಿಮೆಯಾಗುತ್ತದೆ. ಪೋಷಕರಲ್ಲಿ ಒಬ್ಬರು ಈ ಹೊಣೆ ಹೊತ್ತುಕೊಳ್ಳಲಿ.

ತಿಂಗಳ ಫೀಸಿನ ಜೊತೆಗೆ ಮೂರು ತಿಂಗಳ ಫೀಸು, ವರ್ಷದ ಫೀಸು ಅಂತ ಇಡಿ. ಹಳ್ಳಿಯಿಂದ ಬರುವ ಮಕ್ಕಳ ಮನೆಯಲ್ಲಿ ರೊಕ್ಕ ಓಡಾಡುವುದು ತೊಗರಿ ರಾಶಿ ಆದ ಮೇಲೆ, ಅಂದರೆ ಜನವರಿ ಹೊತ್ತಿಗೆ. ಅವರಿಗೆ ಜೂನ್‌ನಲ್ಲಿ ಫೀಸು ಕಟ್ಟಿ ಅಂದರೆ ಎಲ್ಲಿಂದ ತರುತ್ತಾರೆ? ಜನವರಿಯಲ್ಲಿ ವರ್ಷದ ಫೀಸು ಒಂದೇ ಸಲ ಕಟ್ಟಿದರೆ ಹತ್ತು ತಿಂಗಳ ದುಡ್ಡು ಸಾಕು ಅನ್ನಿ. ಅವರಿಗೆ ಎರಡು ತಿಂಗಳು ಉಳಿಯುತ್ತದೆ. ನಿಮಗೆ ಮಾರ್ಚ್ ತಿಂಗಳ ಪಗಾರ ಸಿಗುತ್ತದೆ. ಸಂಬಳದಾರರ ಮನೆಗೆ ತಿಂಗಳ ಫೀಸೇ ಸರಿ. ಆದರೆ ಜನವರಿಯಲ್ಲಿ ಬಂದ ವರ್ಷದ ಫೀಸನ್ನು ಜನವರಿಯಲ್ಲೇ ಮುಗಿಸಿದರೆ ಮತ್ತೆ ಅದೇ ಕಥೆ. ಹಿಸಾಬಿನಲ್ಲಿ ಅದನ್ನು ಹನ್ನೆರಡು ಭಾಗ ಮಾಡಿ ಆಯಾ ತಿಂಗಳಿಗೆ ಬರೆಯಿರಿ.

ಪೂರ್ತಿ ಉಚಿತ ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಒಪ್ಪದವರಿದ್ದಾರೆ. ನೂರು ರೂಪಾಯಿಯಾದರೂ ಕಟ್ಟಿದ ಮನೆಯವರು ಮಗು ತಪ್ಪಿಸಿಕೊಂಡರೆ ಯಾಕೆ ಹೋಗಲಿಲ್ಲ ಅಂತ ಕೇಳುತ್ತಾರೆ. ಯಾರಿಗೆ ರಿಯಾಯಿತಿ ಅನ್ನುವುದು ಇಬ್ಬರು ಮೂವರಿಗೆ ಮಾತ್ರ ಗೊತ್ತಿರಲಿ. ವಾಟ್ಸಾಪ್ ಗುಂಪಿನಲ್ಲಿ ಬಾಕಿ ಪಟ್ಟಿ ಹಾಕುವ ಚಾಳಿ ಬೇಡವೇ ಬೇಡ.

ಇನ್ನು ಸಮಯ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ನೌಕರರ ಮಕ್ಕಳು ಇದ್ದರೆ ಬೆಳಗಿನ ಬ್ಯಾಚ್ 7ಕ್ಕೆಲ್ಲ ಮುಗಿಯಬೇಕು, ಇಲ್ಲವಾದರೆ ಕರೆದೊಯ್ಯುವವರು ಇರುವುದಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಒಂದು ಬೇಸಿಗೆ 7:30ರವರೆಗೆ ಇಟ್ಟು ನಾಲ್ಕು ಮಕ್ಕಳನ್ನು ಕಳೆದುಕೊಂಡೆವು.

ಒಂದು ಕೋರ್ಟಿನಲ್ಲಿ ಹದಿನಾರು ಮಕ್ಕಳು

ಖರ್ಚು ಕಡಿಮೆ ಮಾಡುವುದು ಅಂದ ಕೂಡಲೇ ಎಲ್ಲರೂ ಕೋಚ್ ಪಗಾರಕ್ಕೆ ಕೈ ಹಾಕುತ್ತಾರೆ. ಅಲ್ಲಿ ಹಾಕಬೇಡಿ. ಉಳಿತಾಯ ಇರುವುದು ಕೋರ್ಟ್ ಬಳಸುವ ರೀತಿಯಲ್ಲಿ.

ಪೂರ್ತಿ ಟೆನಿಸ್ ಕೋರ್ಟ್ 23.77 ಮೀಟರ್ ಉದ್ದ, ಡಬಲ್ಸ್‌ಗೆ 10.97 ಮೀಟರ್ ಅಗಲ. ಎಂಟು ವರ್ಷದ ಮಗುವಿಗೆ ಇದು ಹೊಲ ಇದ್ದಂತೆ. ಆ ವಯಸ್ಸಿಗೆ ಅಂತಲೇ ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ (ಐಟಿಎಫ್) ಕೆಂಪು, ಕಿತ್ತಳೆ, ಹಸಿರು ಚೆಂಡುಗಳ ಪದ್ಧತಿ ಮಾಡಿದೆ. ಕೆಂಪು ಚೆಂಡು ಮಾಮೂಲಿ ಹಳದಿ ಚೆಂಡಿಗಿಂತ ಸುಮಾರು 75% ನಿಧಾನ, ಕಿತ್ತಳೆ 50%, ಹಸಿರು 25%. ಹತ್ತು ವರ್ಷದೊಳಗಿನ ಮಕ್ಕಳ ಪಂದ್ಯಗಳಲ್ಲಿ ಹಳದಿ ಚೆಂಡು ಬಳಸಬಾರದು ಅನ್ನುವ ನಿಯಮ 2012ರಿಂದ ಇದೆ.

ಕೆಂಪು ಚೆಂಡಿನ ಆಟಕ್ಕೆ ಇರುವ ಸಣ್ಣ ಕೋರ್ಟ್, ಅಂದರೆ ಕೆಂಪು ಕೋರ್ಟಿನ ಉದ್ದ ಸುಮಾರು 11 ಮೀಟರ್. ದೊಡ್ಡ ಕೋರ್ಟಿನ ಅಗಲವೂ ಅಷ್ಟೇ ಅಲ್ವಾ? ಹಾಗಾಗಿ ದೊಡ್ಡ ಕೋರ್ಟಿನಲ್ಲಿ ಅಡ್ಡಡ್ಡಲಾಗಿ, ನೆಟ್‌ನ ಈ ಕಡೆ ಎರಡು, ಆ ಕಡೆ ಎರಡು, ಒಟ್ಟು ನಾಲ್ಕು ಕೆಂಪು ಕೋರ್ಟ್ ಹಿಡಿಯುತ್ತವೆ. ನಡುವೆ ನೆಲದಿಂದ 80 ಸೆಂಟಿಮೀಟರ್ ಎತ್ತರಕ್ಕೆ ಹಗ್ಗ ಕಟ್ಟಿ, ಹಳೇ ಸೀರೆ ಹರಿದು ಇಳಿಬಿಟ್ಟರೆ ಅದೇ ನೆಟ್. ಗೆರೆಗೆ ಸುಣ್ಣದ ಪುಡಿ ಅಥವಾ ಚಾಕ್. ಒಂದೊಂದರಲ್ಲಿ ನಾಲ್ಕು ಮಕ್ಕಳು ಡಬಲ್ಸ್ ಆಡಿದರೆ 16 ಮಕ್ಕಳು ಒಟ್ಟಿಗೆ ಆಡುತ್ತಾರೆ, ಯಾರೂ ಸಾಲಿನಲ್ಲಿ ನಿಂತು ಕಾಯುವುದಿಲ್ಲ. ಗಂಟೆಗೆ 250 ರೂಪಾಯಿ ಬಾಡಿಗೆ ಅಂದುಕೊಳ್ಳಿ. ನಾಲ್ಕು ಮಕ್ಕಳಾದರೆ ತಲೆಗೆ 62 ರೂಪಾಯಿ, ಹದಿನಾರು ಮಕ್ಕಳಾದರೆ 16 ರೂಪಾಯಿ.

ಕೋರ್ಟೇ ಸಿಗದ ತಾಲ್ಲೂಕಿನಲ್ಲಿ ಶಾಲೆಯ ವಾಲಿಬಾಲ್ ಅಂಗಳ ನೋಡಿ. ಅದರ ಉದ್ದ 18 ಮೀಟರ್. ಕಿತ್ತಳೆ ಚೆಂಡಿನ ಕೋರ್ಟಿನ ಉದ್ದವೂ 18 ಮೀಟರ್. ಕಂಬ ಹೇಗೂ ನೆಟ್ಟಿರುತ್ತವೆ, ನೆಟ್ ಕೆಳಗಿಳಿಸಿದರೆ ಸಾಕು. ಬ್ಯಾಡ್ಮಿಂಟನ್ ಕೋರ್ಟಿನೊಳಗೆ ಕೆಂಪು ಕೋರ್ಟ್ ಆರಾಮಾಗಿ ಕೂರುತ್ತದೆ. ಮಣ್ಣಿನ ನೆಲವಾದರೆ ನೀರು ಹೊಡೆದು ರೋಲರ್ ಎಳೆಯಬೇಕು. ಇಲ್ಲದಿದ್ದರೆ ಚೆಂಡು ಎಲ್ಲಿಗೆ ಪುಟಿಯುತ್ತದೆ ಅನ್ನುವುದು ದೇವರಿಗೇ ಗೊತ್ತು. ಮುಖ್ಯ ಶಿಕ್ಷಕರಿಂದ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಆ ಶಾಲೆಯ ಕೆಲವು ಮಕ್ಕಳಿಗೆ ಕಲಿಸುತ್ತೇವೆ ಅಂದರೆ ಬಾಡಿಗೆಯ ಮಾತು ಸಾಮಾನ್ಯವಾಗಿ ಬರುವುದಿಲ್ಲ.

ಸ್ವಂತ ಕೋರ್ಟ್ ಕಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಮೊದಲ ಎರಡು ಮೂರು ವರ್ಷ ಆ ಸುದ್ದಿಗೇ ಹೋಗಬೇಡಿ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಗೇ ಕಾಂಕ್ರೀಟ್ ಹಾಕಿ ಬಣ್ಣ ಬಳಿದರೆ ಒಂದೆರಡು ಮಳೆಗಾಲದಲ್ಲೇ ನೆಲ ಸೀಳುತ್ತದೆ. ಎರೆ ಮಣ್ಣು ತೆಗೆದು, ಮುರುಮ್ (ಗರಸು ಮಣ್ಣು) ತುಂಬಿ, ರೋಲರ್ ಹೊಡೆಸಿ, ನೀರು ಒಂದೇ ಕಡೆ ಹರಿಯುವಂತೆ ನೂರು ಅಡಿಗೆ ಒಂದು ಅಡಿ ಇಳಿಜಾರು ಕೊಡಬೇಕು. ಬೆಂಗಳೂರಿನ ಕೆಂಪು ಮಣ್ಣಿನ ಎಸ್ಟಿಮೇಟ್ ತಂದು ಇಲ್ಲಿ ತೋರಿಸುವ ಗುತ್ತಿಗೆದಾರರ ಹತ್ತಿರ ಮೊದಲು ಕೇಳಬೇಕಾದ ಪ್ರಶ್ನೆ: ಅಡಿಪಾಯಕ್ಕೆ ಎಷ್ಟು ಇಟ್ಟಿದ್ದೀರಿ?

ಚೆಂಡು, ರಾಕೆಟ್

ನಮ್ಮ ಕಡೆ ಟೆನಿಸ್ ಬಾಲ್ ಅಂದರೆ ಕ್ರಿಕೆಟ್. ಈ ಒಂದು ಸಾಂಸ್ಕೃತಿಕ ಸತ್ಯದಿಂದ ನಮಗೆ ಮೊದಲ ವರ್ಷ ಎಷ್ಟು ಚೆಂಡು ಹೋಯಿತೋ ಲೆಕ್ಕವಿಲ್ಲ. ಗೋಡೆ ದಾಟಿದ ಚೆಂಡು ಆಚೆ ಓಣಿಯಲ್ಲಿ ಸಿಕ್ಸರ್ ಆಗುತ್ತದೆ. ಈಗ ಬ್ಯಾಚ್ ಶುರುವಿಗೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಎಣಿಸುತ್ತೇವೆ. ಎಣಿಸುವ ಕೆಲಸ ಮಕ್ಕಳದ್ದೇ.

ಚೆಂಡು ಯಾವಾಗ ಬಿಸಾಡಬೇಕು ಅನ್ನುವುದಕ್ಕೆ ಅಂದಾಜು ಬೇಡ. ಗೋಡೆ ಮೇಲೆ 254 ಸೆಂಟಿಮೀಟರ್ ಎತ್ತರಕ್ಕೆ ಒಂದು ಗೆರೆ, 135ಕ್ಕೆ ಇನ್ನೊಂದು ಗೆರೆ ಎಳೆಯಿರಿ. ಮೇಲಿನ ಗೆರೆಯಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಮಾಮೂಲಿ ಹಳದಿ ಚೆಂಡು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು ಅನ್ನುವುದು ನಿಯಮ. ಕೆಳಗಿನ ಗೆರೆ ಮುಟ್ಟದಿದ್ದರೆ ಅದು ಪಂದ್ಯಕ್ಕೆ ಬೇಡ, ಬುಟ್ಟಿಗೆ ಹಾಕಿ, ಕೋಚ್ ಎಸೆದು ಕೊಡಲು ಬರುತ್ತದೆ. ಅಲ್ಲೂ ಸತ್ತ ಮೇಲೆ ಗೋಡೆ ಅಭ್ಯಾಸಕ್ಕೆ. ಹೀಗೆ ಮೂರು ಬುಟ್ಟಿ ಮಾಡಿದ ಮೇಲೆ ನಮ್ಮ ಚೆಂಡಿನ ಖರ್ಚು ಹಿಡಿತಕ್ಕೆ ಬಂತು. ಒಳಗೆ ಒತ್ತಡ ತುಂಬಿರದ ಚೆಂಡುಗಳೂ ಸಿಗುತ್ತವೆ. ಸ್ವಲ್ಪ ಗಡುಸು, ಆದರೆ ಬೇಗ ಸಾಯುವುದಿಲ್ಲ. ಬುಟ್ಟಿ ಅಭ್ಯಾಸಕ್ಕೆ ಅವು ಸಾಕು.

ರಾಕೆಟ್ ವಿಷಯದಲ್ಲಿ ನಾನೇ ಎಡವಿದ್ದೇನೆ. ದಾನಿಯೊಬ್ಬರು ಕೊಟ್ಟ ದುಡ್ಡಿಗೆ ಹನ್ನೆರಡು ರಾಕೆಟ್ ತಂದೆ, ಎಲ್ಲಾ 27 ಇಂಚು. ನೋಡಲು ಚೆಂದ, ರೇಟೂ ಚೌಕಾಸಿ ಮಾಡಿದ್ದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಒಂಬತ್ತು ವರ್ಷದ ಒಳಗಿನವರು. ಎರಡೂ ಕೈಯಲ್ಲಿ ಹಿಡಿದರೂ ಅವರಿಗೆ ಎತ್ತಲು ಆಗುತ್ತಿರಲಿಲ್ಲ. ಆ ರಾಕೆಟ್‌ಗಳು ಟ್ರಂಕಿನಲ್ಲಿ ಮೂರು ವರ್ಷ ಮಲಗಿದವು. ಐದಾರು ವರ್ಷದವರಿಗೆ 19ರಿಂದ 21 ಇಂಚು, ಏಳೆಂಟಕ್ಕೆ 23, ಒಂಬತ್ತು ಹತ್ತಕ್ಕೆ 25, ಆಮೇಲೆ 26. ಶಿಬಿರದ ರಾಕೆಟ್ ಅಂದರೆ ಈ ಸಣ್ಣ ಅಳತೆಗಳು. ಒಂದು ಮಗುವಿಗೆ ಸಣ್ಣದಾದ ರಾಕೆಟ್ ಇನ್ನೊಂದಕ್ಕೆ ಸರಿಹೋಗುತ್ತದೆ. 27 ಇಂಚಿಗೆ ಬರುವ ಹೊತ್ತಿಗೆ ಮಗು ಆಟದಲ್ಲಿ ಉಳಿಯುತ್ತದೋ ಇಲ್ಲವೋ ಗೊತ್ತಾಗಿರುತ್ತದೆ, ಮನೆಯವರೇ ಕೊಡಿಸುತ್ತಾರೆ. ಗಟ್ಟಿಂಗ್, ಅಂದರೆ ರಾಕೆಟ್ಟಿಗೆ ತಂತಿ ಕಟ್ಟಿಸುವ ಖರ್ಚೂ ಅವರದ್ದೇ ಅಂತ ಮೊದಲೇ ಹೇಳಿಬಿಡಿ.

ಹೊರಗಿನ ದುಡ್ಡು

ಇಲ್ಲಿ ನನ್ನದು ಒಂದೇ ಹಟ. ದಿನದ ಖರ್ಚು ಫೀಸಿನಿಂದ, ಕಣ್ಣಿಗೆ ಕಾಣುವ ವಸ್ತು ಹೊರಗಿನ ದುಡ್ಡಿನಿಂದ. ದಾನಿಯ ದುಡ್ಡಿನಲ್ಲಿ ಪಗಾರ ಕೊಡಲು ಶುರು ಮಾಡಿದರೆ ಅವರು ಮುಂದಿನ ವರ್ಷ ಫೋನ್ ಎತ್ತದಿದ್ದಾಗ ಕೋಚ್ ಬೀದಿಗೆ. ಮೇಲಿನ ಉದಾಹರಣೆಯ 82,000 ಕೊರತೆಯನ್ನೂ ಹೀಗೇ ಒಡೆಯಿರಿ. ವರ್ಷದ ಚೆಂಡು 48,000. ಅದನ್ನು ಇಬ್ಬರು ಪ್ರಾಯೋಜಕರು ವಸ್ತುವಾಗಿಯೇ ಕೊಡಲಿ. ಉಳಿದ 34,000ಕ್ಕೆ ನಾಲ್ಕೈದು ಹೊಸ ಮಕ್ಕಳು, ಇಲ್ಲವೇ ಕೋರ್ಟ್ ಬಾಡಿಗೆಯಲ್ಲಿ ಉಳಿತಾಯ.

ಕೇಳುವ ರೀತಿ ಮುಖ್ಯ. "ಏನಾದರೂ ಸಹಾಯ ಮಾಡಿ" ಅಂದರೆ ಐದು ನೂರು ಕೊಟ್ಟು ಚಹಾ ಕುಡಿಸಿ ಕಳಿಸುತ್ತಾರೆ. "23 ಇಂಚಿನ ಎಂಟು ರಾಕೆಟ್ ಬೇಕು, ಇಗೋ ಕೊಟೇಶನ್" ಅಂದರೆ ಮಾತು ಬೇರೆ. ಬೇಳೆ ಮಿಲ್ಲಿನವರು, ಬಂಗಾರದ ಅಂಗಡಿಯವರು, ಖಾಸಗಿ ಆಸ್ಪತ್ರೆಯ ವೈದ್ಯರು, ಪಿಯು ಕಾಲೇಜು ನಡೆಸುವವರು: ಇವರೆಲ್ಲರಿಗೂ ಊರಿನಲ್ಲಿ ಹೆಸರು ಬೇಕು. ಕೋರ್ಟಿನ ಬೇಲಿಗೆ ಬೋರ್ಡ್ ಹಾಕಲು ಒಪ್ಪಿಗೆ ಇದೆಯಾ ಅಂತ ಮೈದಾನದವರ ಹತ್ತಿರ ಕೇಳಿಕೊಂಡೇ ಮಾತು ಕೊಡಿ. ಸರ್ಕಾರಿ ಮೈದಾನದಲ್ಲಿ ಅನುಮತಿ ಇಲ್ಲದೆ ಫ್ಲೆಕ್ಸ್ ಕಟ್ಟಿ, ಮರುದಿನ ಪ್ರಾಯೋಜಕರ ಎದುರೇ ಬಿಚ್ಚಿದ ಅನುಭವ ನಮಗಿದೆ. ಟೆನಿಸ್ ಇಲ್ಲಿ ಯಾರು ನೋಡುತ್ತಾರೆ ಅಂತ ಯಾರಾದರೂ ಕೇಳಿದರೆ 2023ರ ಉದಾಹರಣೆ ಕೊಡಿ. ಆ ವರ್ಷ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ 25,000 ಡಾಲರ್ ಬಹುಮಾನದ ಐಟಿಎಫ್ ಪುರುಷರ ಟೂರ್ನಿ ನಡೆಯಿತು, ಡೇವಿಸ್ ಕಪ್ ಆಟಗಾರ ರಾಮಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದರು.

ಸಿಎಸ್‌ಆರ್ ದೊಡ್ಡ ದಾರಿ, ಆದರೆ ಉದ್ದ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2% ಇದಕ್ಕೆ ತೆಗೆದಿಡಬೇಕು. ಒಲಿಂಪಿಕ್ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲಿದೆ, ಟೆನಿಸ್ ಒಲಿಂಪಿಕ್ ಕ್ರೀಡೆ. ಕಂಪನಿ ಇರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಅಂತಲೂ ಕಾಯ್ದೆ ಹೇಳುತ್ತದೆ. ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಕಲಬುರಗಿ ನಗರದ ಮಕ್ಕಳ ಪಟ್ಟಿ ಹಿಡಿದು ಅಲ್ಲಿಗೆ ಹೋದರೆ ಪ್ರಯೋಜನವಿಲ್ಲ. ಕಾರ್ಖಾನೆ ಪಕ್ಕದ ಹಳ್ಳಿಯ ಶಾಲೆಯ ವಾಲಿಬಾಲ್ ಅಂಗಳದಲ್ಲಿ ಇಪ್ಪತ್ತು ಮಕ್ಕಳಿಗೆ ಕಲಿಸುವ ಯೋಜನೆ ಹಿಡಿದು ಹೋಗಿ. ಹೊಸ ಆರ್ಥಿಕ ವರ್ಷದ ಲೆಕ್ಕ ಕೂರುವ ಮೊದಲು, ಅಂದರೆ ಜನವರಿ ಹೊತ್ತಿಗೆ, ಅರ್ಜಿ ಅವರ ಮೇಜಿನ ಮೇಲಿರಲಿ.

ಸಂಸದರ ನಿಧಿ, ಶಾಸಕರ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ: ಇವುಗಳ ಹತ್ತಿರ ಕಾಮಗಾರಿ ಕೇಳಿ. ಬೇಲಿ, ಕೋರ್ಟ್ ದುರಸ್ತಿ, ಶೌಚಾಲಯ. ಹೆಣ್ಣುಮಕ್ಕಳು ಹನ್ನೆರಡು ದಾಟಿದ ಮೇಲೆ ಬಿಟ್ಟು ಹೋಗುವುದಕ್ಕೆ ಶೌಚಾಲಯ ಇಲ್ಲದಿರುವುದೇ ಒಂದು ಕಾರಣ ಅನ್ನುವುದನ್ನು ನಮ್ಮ ಹಾಜರಿ ಪುಸ್ತಕದಲ್ಲೇ ನೋಡಿದ್ದೇನೆ. ಸಂಸದರ ನಿಧಿಯಿಂದ ಪಗಾರ, ಬಾಡಿಗೆಯಂಥ ದಿನನಿತ್ಯದ ಖರ್ಚು ಮಾಡುವಂತಿಲ್ಲ, ಹಾಗಾಗಿ ಅದನ್ನು ಕೇಳಿ ಸಮಯ ಹಾಳು ಮಾಡಿಕೊಳ್ಳಬೇಡಿ.

ಕಾಗದಪತ್ರ

ಬೇಜಾರಿನ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಲು ಕನಿಷ್ಠ ಏಳು ಜನ ಬೇಕು. ಏಳೂ ಜನ ಒಂದೇ ಮನೆಯವರು ಬೇಡ. ಸಂಘದ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಚೆಕ್ಕಿಗೆ ಇಬ್ಬರ ಸಹಿ. ಆಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ ಎರಡು ನೋಂದಣಿ: ಸಂಘದ ಆದಾಯದ ತೆರಿಗೆ ವಿನಾಯಿತಿಗೆ ಒಂದು (1961ರ ಕಾಯ್ದೆಯಲ್ಲಿ 12ಎಬಿ), ದಾನಿಯ ತೆರಿಗೆ ವಿನಾಯಿತಿಗೆ ಇನ್ನೊಂದು (ಅದೇ ಕಾಯ್ದೆಯಲ್ಲಿ 80ಜಿ). ಎರಡನೆಯದು ಇದ್ದರೆ ಹಳೇ ತೆರಿಗೆ ಪದ್ಧತಿಯಲ್ಲಿರುವ ದಾನಿಗೆ ವಿನಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಿಗುವುದಿಲ್ಲ, ಆದ್ದರಿಂದ ಯುಪಿಐ ಅಥವಾ ಚೆಕ್ ಕೇಳಿ. ಸಿಎಸ್‌ಆರ್ ದುಡ್ಡು ಪಡೆಯಲು ಸಿಎಸ್‌ಆರ್-1 ಅರ್ಜಿ ತುಂಬಿ ನೋಂದಣಿ ಸಂಖ್ಯೆ ಪಡೆದಿರಬೇಕು, ಜೊತೆಗೆ ಮೂರು ವರ್ಷ ಕೆಲಸ ಮಾಡಿದ ದಾಖಲೆ ತೋರಿಸಬೇಕು. ಅಂದರೆ ಸಿಎಸ್‌ಆರ್ ಕನಸು ನಾಲ್ಕನೇ ವರ್ಷದ್ದು, ಸಂಘದ ನೋಂದಣಿ ಮಾತ್ರ ಮೊದಲ ವರ್ಷದ್ದು. ಹಾಜರಿ ಪುಸ್ತಕ, ಫೋಟೋ, ರಸೀದಿ ಮೊದಲ ದಿನದಿಂದಲೇ ಇಡಿ.

ಟೂರ್ನಿಗೆ ಬೇರೆ ಡಬ್ಬಿ

ಮಗು ಚೆನ್ನಾಗಿ ಆಡತೊಡಗಿದರೆ ಹೊಸ ಖರ್ಚು ಶುರು. ಅಖಿಲ ಭಾರತ ಟೆನಿಸ್ ಸಂಸ್ಥೆಯಲ್ಲಿ ನೋಂದಣಿ, 12, 14, 16, 18 ವರ್ಷದೊಳಗಿನವರ ಪಂದ್ಯಗಳು, ಪ್ರವೇಶ ಶುಲ್ಕ, ರೈಲು, ಲಾಡ್ಜ್. ಇಬ್ಬರು ಒಳ್ಳೆಯ ಆಟಗಾರರ ಪ್ರಯಾಣಕ್ಕೆ ಇಪ್ಪತ್ತೆಂಟು ಮಕ್ಕಳ ಫೀಸು ಸುರಿದು ಜಗಳವಾದ ಶಿಬಿರ ನನಗೆ ಗೊತ್ತು. ಪ್ರಯಾಣ ನಿಧಿ ಬೇರೆಯೇ ಇರಲಿ, ಅದಕ್ಕೆ ಬೇರೆ ದಾನಿಗಳನ್ನೇ ಹುಡುಕಿ. ಬೆಂಗಳೂರಿಗೆ ಒಂದು ಇಡೀ ರಾತ್ರಿಯ ರೈಲು. ಸೊಲ್ಲಾಪುರ, ಹೈದರಾಬಾದ್ ನಮಗೆ ಅದಕ್ಕಿಂತ ಎಷ್ಟೋ ಹತ್ತಿರ. ಅಲ್ಲಿ ನಡೆಯುವ ಪಂದ್ಯಗಳ ಪಟ್ಟಿ ಮೊದಲು ನೋಡಿ. ಹತ್ತು ವರ್ಷದ ಮಗುವಿಗೆ ತಿಂಗಳಿಗೊಂದು ಟೂರ್ನಿ ಬೇಕೇ ಬೇಕು ಅನ್ನುವ ಅಪ್ಪಂದಿರನ್ನು ಸಮಾಧಾನ ಮಾಡುವುದು ಮಾತ್ರ ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ.

ಇಷ್ಟಾದ ಮೇಲೆ ಪ್ರತಿ ತಿಂಗಳ 5ನೇ ತಾರೀಖು ಹಿಂದಿನ ತಿಂಗಳ ಜಮಾ ಖರ್ಚು ಒಂದೇ ಹಾಳೆಯಲ್ಲಿ ಬರೆದು ಕೋರ್ಟಿನ ಬಾಗಿಲಿಗೆ ಅಂಟಿಸಿ. ನಾವು ಮೊದಲ ಸಲ ಅಂಟಿಸಿದಾಗ ಒಬ್ಬ ತಾಯಿ ನಿಂತು ಪೂರ್ತಿ ಓದಿದರು. "ಕೋಚ್ ಸರ್‌ಗೆ ಇಷ್ಟೇ ಏನ್ರಿ ಕೊಡೋದು?" ಅಂದರು. ಸಂಜೆ ಬಂದು ಎರಡು ತಿಂಗಳ ಬಾಕಿ ಕಟ್ಟಿ ಹೋದರು.